ಪಿಂತ್ಯ ಸಾಹೇಬರ ಆರೈಕೆ

ಆಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನ ಮಲಗಿ ಎದ್ದ ಗವ್ರಿಲನ ಸೊಂಟದಲ್ಲಿ ಪ್ಯಾಂಟು ನಿಲ್ಲುತ್ತಿರಲಿಲ್ಲ. ಹೆಂಡತಿ ಪಾರಸ್ಕೀವ ದನದ ಹಗ್ಗದಲ್ಲಿ ಒಂದು ತುಂಡು ಕತ್ತರಿಸಿ ಕಟ್ಟಿದಳು. ಮೂವತ್ತು ವರ್ಷ ಮರಾಮುರೆಶ್ ಸೀಮೆಯ ಕಾಡಿನಲ್ಲಿ ಮರ ಕಡಿದ ಮೈ ಅದು. ಈಗ ಬಾವಿಯಿಂದ ಅರ್ಧ ಬಕೆಟ್ ನೀರು ತರಲು ಎರಡು ಸಲ ಕೂರಬೇಕಿತ್ತು.

ಮರದ ಗುತ್ತಿಗೆದಾರ ಕೂಲಿಯವರಿಗೆ ದಿನಾ ಬೆಳಿಗ್ಗೆ ಪುಕ್ಕಟೆ ಪಾಲಿಂಕ ಹುಯ್ಯಿಸುತ್ತಿದ್ದ. ಪ್ಲಮ್ ಹಣ್ಣು ಕೊಳೆಸಿ ಎರಡು ಸಲ ಬಟ್ಟಿ ಇಳಿಸಿದ ಸಾರಾಯಿ. ಚಳಿಗೆ ಕೋಟು ಕೊಡಿಸುವುದಕ್ಕಿಂತ ಅದು ಅಗ್ಗ. ಗವ್ರಿಲ ರಕ್ತ ಕಾರಿ ಬಿದ್ದ ದಿನ ಗುತ್ತಿಗೆದಾರ ಬಹಳ ನೊಂದುಕೊಂಡ. “ಕುಡುಕರಿಗೆ ನನ್ನ ಹತ್ತಿರ ಕೆಲಸ ಇಲ್ಲಪ್ಪ” ಎಂದ.

ಡಾಕ್ಟರು ಕಳಿಸುವಾಗ ಹೇಳಿದ್ದು ಒಂದೇ ಮಾತು. “ಇನ್ನೊಂದು ಗುಟುಕು ಹಾಕಿದೆ ಅಂದ್ರೆ ನನ್ನ ಹತ್ರ ಬರಬೇಡ, ನೆಟ್ಟಗೆ ನಿಮ್ಮೂರ ಪಾದ್ರಿ ಹತ್ರ ಹೋಗು.” ಜೊತೆಗೆ ಒಂದು ಕಾಗದ ಕೊಟ್ಟರು. ಮೂರು ತಿಂಗಳು ಪ್ರತಿ ಶುಕ್ರವಾರ ಪಟ್ಟಣದ ಆರೈಕೆ ಕಚೇರಿಗೆ ಹೋಗಬೇಕು. ಅಲ್ಲಿ ಸುಖದುಃಖ ವಿಚಾರಿಸಿ ಸೀಲು ಹಾಕುತ್ತಾರೆ. ಸೀಲು ಬಿದ್ದರೆ ಔಷಧಿ ಅಂಗಡಿಯಲ್ಲಿ ಕುಡಿತದ ಆಸೆ ಅಡಗಿಸುವ ಮಾತ್ರೆ ಸಿಗುತ್ತದೆ. ಮನೆಗೆ ಹೋದ ರೋಗಿಯನ್ನು ಸರ್ಕಾರ ಕೈಬಿಡುವುದಿಲ್ಲ ಎಂದು ಕಾಗದದ ತಲೆಯಲ್ಲೇ ಅಚ್ಚಾಗಿತ್ತು. ಅಚ್ಚಾದ ಮಾತನ್ನು ನಂಬುವುದು ಗವ್ರಿಲನ ಮನೆತನದ ಹಳೇ ಕಾಯಿಲೆ. ಅದಕ್ಕೆ ಮಾತ್ರೆ ಇರಲಿಲ್ಲ.

ಆರೈಕೆ ಕಚೇರಿ ಎಂದರೆ ಪುರಸಭೆ ಮಹಡಿಯ ಒಂದು ಕೋಣೆ, ಒಂದು ಮೇಜು, ಮೇಜಿನ ಹಿಂದೆ ಪಿಂತ್ಯ ಸಾಹೇಬರು. ಆ ಸೀಮೆಯಲ್ಲಿ ಸೀಲು ಇರುವವರ ಮುಂದೆ ಬರಿಗೈಯಲ್ಲಿ ನಿಲ್ಲುವುದಿಲ್ಲ. ದೇವಮಾತೆಯ ಮುಂದೆ ಮೇಣದ ಬತ್ತಿ, ಸಾಹೇಬರ ಮುಂದೆ ಚೀಲ. ದೇವಮಾತೆ ಬತ್ತಿಯನ್ನು ತೂಗಿ ನೋಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲ ಶುಕ್ರವಾರ ಗವ್ರಿಲ ಮೊಟ್ಟೆ ತಂದ. ಸೀಲಿನ ಮಸಿ ಒಣಗಿತ್ತಂತೆ. ಎರಡನೆಯ ಶುಕ್ರವಾರ ಕುರಿ ಹಾಲಿನ ಚೀಸ್ ತಂದ.

“ನಂಗೆ ಬಿ.ಪಿ. ಕಣಯ್ಯ, ಉಪ್ಪು ಆಗಲ್ಲ” ಎಂದರು ಸಾಹೇಬರು. ಚೀಸನ್ನು ಒಳಗಿಟ್ಟುಕೊಂಡು, “ಮುಂದಿನ ವಾರ ಬಾ” ಎಂದರು.

ಹೊರಗೆ ಬೆಂಚಿನಲ್ಲಿ ಸಫ್ತಾ ಕೂತಿದ್ದಳು. ಬಟ್ಟೆ ಹೊಲಿಯುವ ವಿಧವೆ. ಅವಳೂ ಅದೇ ವಾರ್ಡಿನಿಂದ ಚಳಿಗಾಲದಲ್ಲಿ ಮನೆಗೆ ಬಂದವಳು.

“ತಮ್ಮಾ, ಆ ಸೀಲು ಮೊಟ್ಟೆ ಗಿಟ್ಟೆಗೆಲ್ಲ ಏಳಲ್ಲ. ಅದಕ್ಕೆ ಐವತ್ತು ಡಿಗ್ರಿ ಬೇಕು.”

ಅದು ಪಾಲಿಂಕದ ತೀವ್ರತೆಯ ಲೆಕ್ಕ ಎಂದು ಗವ್ರಿಲನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅಕ್ಕ, ಇವ್ರು ನಮಗೆ ಕುಡಿತ ಬಿಡಿಸೋರಲ್ವಾ?”

“ಹೂಂ ಮತ್ತೆ. ಬಾಟಲಿ ನಮ್ಮ ಹತ್ರ ಇರಬಾರದು ಅಂತ್ಲೇ ತಾವು ಇಟ್ಕೋತಾರೆ. ಪುಣ್ಯಾತ್ಮರು.”

ಆಸ್ಪತ್ರೆಯವರು ಕೊಟ್ಟಿದ್ದ ಮಾತ್ರೆ ಬುಧವಾರಕ್ಕೆ ಮುಗಿಯಿತು. ಗುರುವಾರವೆಲ್ಲ ಗವ್ರಿಲ ಬೆವರಿನಲ್ಲಿ ಒದ್ದೆಯಾಗಿ ಮಂಚದ ಕಂಬ ಹಿಡಿದು ಕೂತ. ಮನೆಯಲ್ಲಿದ್ದ ಸಾರಾಯಿಯನ್ನೆಲ್ಲ ಪಾರಸ್ಕೀವ ಎಂದೋ ಪೇರಳೆ ಮರದ ಬುಡಕ್ಕೆ ಸುರಿದಿದ್ದಳು. ಈಗ ಅಣ್ಣನ ಮನೆಗೆ ಹೋಗಿ ಅವಳೇ ಒಂದು ಬಾಟಲಿ ತಂದಳು. ಗೋಣಿಬಟ್ಟೆಯಲ್ಲಿ ಸುತ್ತಿ ಸುತ್ತಲೂ ಹೊಲಿಗೆ ಹಾಕಿದಳು.

“ನಾನೇ ಹೋಗ್ತಿದ್ದೆ. ಹಸು ಇವತ್ತೋ ನಾಳೆಯೋ ಕರು ಹಾಕೋ ಹಾಗಿದೆ. ನೀನೇ ಬರಬೇಕು ಅಂತಾರಂತೆ ಬೇರೆ. ಹೊಲಿದಿದೀನಿ, ನಿನ್ನ ಮೇಲೆ ಅನುಮಾನದಿಂದಲ್ಲ.”

“ಮತ್ಯಾರ ಮೇಲೆ?”

“ಬಾಟಲಿ ಮೇಲೆ.”

ಬಸ್ಸಿನಲ್ಲಿ ಒಂದೂವರೆ ಗಂಟೆ. ತಿರುವು ಬಂದಾಗಲೆಲ್ಲ ಬಾಟಲಿ ತೊಡೆಯ ಮೇಲೆ ಗುಳುಗುಳು ಎನ್ನುತ್ತಿತ್ತು. ಗವ್ರಿಲ ಪ್ರತಿ ತಿರುವಿಗೂ “ಸ್ವಾಮಿ, ಕರುಣೆ ಇರಲಿ” ಎಂದುಕೊಂಡ. ಆ ದಾರಿಯಲ್ಲಿ ಪ್ರಾರ್ಥನೆಗಿಂತ ತಿರುವುಗಳು ಹೆಚ್ಚು. ಗಿರಣಿ ಸ್ಟಾಪು ದಾಟುವ ಹೊತ್ತಿಗೆ ಹೆಬ್ಬೆರಳು ತಾನಾಗಿ ಹೊಲಿಗೆಯ ತುದಿ ಹುಡುಕಿತ್ತು. ಒಂದು ಹೊಲಿಗೆ ಬಿಟ್ಟಿತು. ಆಮೇಲೆ ಅವನು ಪಟ್ಟಣ ಬರುವವರೆಗೂ ತನ್ನ ಕೈ ಮೇಲೆ ತಾನೇ ಕೂತಿದ್ದ.

ಮಹಡಿಯ ಬೆಂಚಿನಲ್ಲಿ ಆರು ಜನ. ಎಲ್ಲರ ಮಡಿಲಲ್ಲೂ ಒಂದೊಂದು ಚೀಲ. ಚೀಲವನ್ನು ಕೂಸಿನಂತೆ ತಬ್ಬಿಕೊಂಡು ಯಾರೂ ಯಾರ ಮುಖವನ್ನೂ ನೋಡದೆ ಕೂತಿದ್ದರು. ಎದುರು ಗೋಡೆಯಲ್ಲಿ ಸರ್ಕಾರದ ಪೋಸ್ಟರು: ಒಂದು ಗುಟುಕೂ ವಿಷವೇ.

“ಇಫ್ರಿಮ್ ಎಲ್ಲಿ, ಕಾಣಲ್ಲ?” ಎಂದು ಗವ್ರಿಲ ಕೇಳಿದ. ಇಫ್ರಿಮ್ ವಾರ್ಡಿನಲ್ಲಿ ಅವನ ಪಕ್ಕದ ಮಂಚದವನು, ಕುದುರೆಗೆ ಲಾಳ ಕಟ್ಟುವವನು.

ಸಫ್ತಾ ಶಿಲುಬೆಯ ಗುರುತು ಹಾಕಿಕೊಂಡಳು. “ಹೋದ ಶುಕ್ರವಾರ ನೀನು ಹೋದ್ಮೇಲಿನ ಬಸ್ಸಲ್ಲಿ ಬರ್ತಿದ್ನಂತೆ. ಸಾಹೇಬರಿಗೆ ತಂದಿದ್ದು ದಾರೀಲೇ ಬಿಚ್ಚಿದ. ಮತ್ತೆ ಆಸ್ಪತ್ರೆಗೇ ತಗೊಂಡು ಹೋದ್ರು. ಈ ಸಲ ವಾರ್ಡಿಗಲ್ಲ, ಶವ ಇಡೋ ಕೋಣೆಗೆ.”

“ಸಾಹೇಬರು ಏನಂದ್ರು?”

“ರಿಜಿಸ್ಟರಲ್ಲಿ ಬರ್ಕೊಂಡ್ರು. ರೋಗಿ ಸಹಕರಿಸಲಿಲ್ಲ ಅಂತ.”

ಗವ್ರಿಲ ಗೋಣಿಬಟ್ಟೆಯ ಗಂಟನ್ನು ಅವಳ ಮುಂದೆ ಹಿಡಿದ.

“ಅಕ್ಕ, ಈ ಹೊಲಿಗೆ ಬಿಚ್ಚು.”

“ಅಯ್ಯೋ ತಮ್ಮಾ, ಇಲ್ಲೇನಾ?”

“ಕುಡಿಯಕ್ಕಲ್ಲ. ಇದು ಮುಚ್ಕೊಂಡಿದ್ರಿಂದ್ಲೇ ಇಷ್ಟೆಲ್ಲ ಆಗಿದ್ದು.”

ಅವಳು ಅವನ ಕಣ್ಣು ನೋಡಿದಳು. ಆಮೇಲೆ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದಳು.

ಅಂಥ ಕಾಣಿಕೆಯನ್ನು ಚೀಲದ ಸಮೇತ ಮೇಜಿನ ಕೆಳಗೆ ಸರಿಸುವುದು ವಾಡಿಕೆ. ಗವ್ರಿಲ ಬತ್ತಲೆ ಬಾಟಲಿಯನ್ನು ಕತ್ತು ಹಿಡಿದು ಒಳಗೆ ಹೋದ. ಮೇಜಿನ ನಡುವೆ, ರಿಜಿಸ್ಟರಿನ ಪಕ್ಕದಲ್ಲಿ ಟಣ್ಣೆಂದು ಇಟ್ಟ. ಹಿಂದೆಯೇ ಸಫ್ತಾ ತನ್ನದನ್ನು ತಂದಿಟ್ಟಳು. ಬೆಂಚು ಒಬ್ಬೊಬ್ಬರಾಗಿ ಖಾಲಿಯಾಯಿತು. ಏಳು ಬಾಟಲಿ ಸಾಲಾಗಿ ನಿಂತವು.

ಅವತ್ತು ಪಕ್ಕದ ಹಾಲ್‌ನಲ್ಲಿ ಮದುವೆ ನೋಂದಣಿ ಇತ್ತು. ದಿಬ್ಬಣದವರು ಹಾದುಹೋಗುತ್ತ ಬಾಗಿಲಲ್ಲಿ ಇಣುಕಿದರು. ಮದುಮಗಳ ಮಾವ ಬಾಟಲಿಗಳನ್ನು ನೋಡಿ ಹಿಗ್ಗಿ, “ಇಲ್ಲೂ ಮದುವೇನಾ?” ಎಂದ.

“ಇಲ್ಲಪ್ಪ, ಇಲ್ಲಿ ಚಿಕಿತ್ಸೆ” ಎಂದಳು ಸಫ್ತಾ.

ಸಾಹೇಬರ ಮುಖ ಬೇಯಿಸಿದ ಬೀಟ್‌ರೂಟಾಯಿತು. “ಏನಯ್ಯ ಇದು? ಮೊದ್ಲು ಬಾಗಿಲು ಹಾಕು.”

“ಹಾಕಲ್ಲ ಸಾಹೇಬ್ರೆ” ಎಂದ ಗವ್ರಿಲ, ಪೂಜೆಯ ಹೊತ್ತಿನಲ್ಲಿ ಮಾತಾಡುವವನ ಹಾಗೆ ಮೆಲ್ಲಗೆ. “ಬಾಗಿಲು ಹಾಕ್ಕೊಂಡು ಬಾಟಲಿ ಮುಂದೆ ಕೂರೋ ಕಾಯಿಲೆಗೇ ನಾವೆಲ್ಲ ಆಸ್ಪತ್ರೆ ಸೇರಿದ್ದು.”

ದಿಬ್ಬಣ ಕದಲಲಿಲ್ಲ. ಪಿಟೀಲಿನವನೂ ಕಮಾನು ಕೆಳಗಿಳಿಸಿ ನಿಂತ. ಸಾಹೇಬರು ಸೀಲು ತೆಗೆದರು. ಮಸಿ ತುಂಬ ಇತ್ತು. ಏಳು ಕಾಗದಕ್ಕೂ ಒತ್ತಿದರು. ನಾಲ್ಕನೆಯದು ಓರೆಯಾಯಿತು, ಐದನೆಯದು ಎರಡು ಸಲ ಬಿತ್ತು.

“ಕೈ ನಡುಗತ್ತೆ ಸಾಹೇಬ್ರೆ, ಮೊದಲ ದಿನ ಎಲ್ಲಾರ್ಗೂ ಹಂಗೇ” ಎಂದಳು ಸಫ್ತಾ. “ನಿಧಾನಕ್ಕೆ ಸರಿಹೋಗತ್ತೆ.”

“ಆಯ್ತಲ್ಲ, ಹೊರಡಿ. ಇವನ್ನೂ ತಗೊಂಡು ಹೊರಡಿ.”

ಯಾರೂ ಹೊರಡಲಿಲ್ಲ. ಗವ್ರಿಲ ರಿಜಿಸ್ಟರನ್ನು ತನ್ನ ಕಡೆಗೆ ತಿರುಗಿಸಿ ಹಾಳೆ ಮಗುಚಿದ. ಇಫ್ರಿಮನ ಹೆಸರು ಸಿಕ್ಕಿತು. ಅದರ ಎದುರು ಸಾಹೇಬರ ಅಂದವಾದ ಅಕ್ಷರದಲ್ಲಿ ಎರಡು ಪದ: ಸಹಕರಿಸಲಿಲ್ಲ, ಮುಕ್ತಾಯ. ಅದರ ಪಕ್ಕದ ‘ಕಾರಣ’ ಎಂಬ ಕಾಲಂ ಖಾಲಿ ಇತ್ತು.

ಗವ್ರಿಲ ಅಲ್ಲಿ ಬೆರಳಿಟ್ಟು, ಪೆನ್ನನ್ನು ಸಾಹೇಬರ ಕಡೆಗೆ ಸರಿಸಿದ.

“ಆ ಬಾಟಲಿ ಯಾರಿಗೆ ಅಂತ ತರ್ತಿದ್ದ, ಇಲ್ಲಿ ಬರೀರಿ. ನಮಗೇನು ಅವಸರ ಇಲ್ಲ, ಕಾಯ್ತೀವಿ.”

ಏಳು ಜನರೂ ನೆಲದ ಮೇಲೆ ಕೂತರು.