ಚೌಕದ್ದು

ಪಾಸ್‌ಪೋರ್ಟ್ ಕಚೇರಿಯ ಎದುರಿನ ಆ ಫೋಟೋ ಅಂಗಡಿಯಲ್ಲಿ ಗಿರಾಕಿ ಬಂದ ಕೂಡಲೇ ಅವಳು ಕೇಳುವ ಪ್ರಶ್ನೆ ಒಂದೇ: "ಉದ್ದದ್ದೋ, ಚೌಕದ್ದೋ?" ಈ ದೇಶದ ಪಾಸ್‌ಪೋರ್ಟಿಗೆ ಉದ್ದದ್ದು. ಚೌಕದ್ದು ಅವಳ ಗಂಡ ಹುಟ್ಟಿದ ಇನ್ನೊಂದು ದೇಶಕ್ಕೆ.

ಎರಡು ಪೌರತ್ವಕ್ಕೆ ಎರಡೂ ಕಡೆ ಅಡ್ಡಿಯಿಲ್ಲ, ಅವನು ಹುಟ್ಟಿನಿಂದ ಎರಡೂ ದೇಶದ ಪ್ರಜೆ; ಅವಳು ಒಂದರದ್ದೇ. ಆ ದೇಶದವರು ಎರಡನೇ ಸಲವೂ ಅವಳಿಗೆ ವೀಸಾ ಕೊಡದೆ ಹೋದ ದಿನ, ಸಂಜೆ ದೀಪದ ಮುಂದೆ ಕೂತು, ದಿನವೂ ದೇವರ ಪದ್ಯ ಹೇಳುವ ಅದೇ ತುಂಬುದನಿಯಲ್ಲಿ ಅವನು ಹೇಳಿದ್ದ: "ನಿನಗಿಲ್ಲದ ಊರು ನನಗೂ ಬೇಡ. ಆ ಪಾಸ್‌ಪೋರ್ಟಿನ ಅವಧಿ ಮುಗಿದರೆ ಮುಗೀಲಿ."

ದೇವರ ಪದ್ಯ ಹೇಳುವ ನಾಲಿಗೆ ಎರಡು ಮಾತಾಡುವುದುಂಟೇ? ಅವಳು ನಂಬಿದಳು. ಪದ್ಯ ಕೇಳಿಯೇ ಬೆಳೆದ ಜೀವ ಅವಳದು; ಕಿವಿಗೆ ಬಿದ್ದದ್ದೆಲ್ಲ ನೇರ ಎದೆಗಿಳಿಯುತ್ತಿತ್ತು.

ಈ ಮಧ್ಯಾಹ್ನ ಅವನೇ ಅಂಗಡಿಗೆ ಬಂದ.

"ಏನ್ರೀ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಫೋಟೋ ಅಂದ್ರೆ ಮಾರು ದೂರ ಓಡೋರು!"

"ಪಾಸ್‌ಪೋರ್ಟ್ ರಿನ್ಯೂ ಮಾಡಿಸ್ಬೇಕಲ್ಲ."

"ಅಬ್ಬ, ಹೇಳೀ ಹೇಳೀ ನನ್ನ ಬಾಯಿ ಸವೆದಿತ್ತು. ನಂದೂ ಮುಗೀತಾ ಬಂತು, ಎದುರಿನ ಕಚೇರಿಗೆ ಒಟ್ಟಿಗೇ ಕೊಟ್ಟುಬಿಡೋಣ." ಅವನ ಕಾಲರ್ ಸರಿಪಡಿಸಿ, ಕಿವಿಯ ಮೇಲಿನ ಕೂದಲು ಹಿಂದೆ ತಳ್ಳಿದಳು.

ಅವನು ಸ್ಟೂಲಿನ ಕಾಲು ನೋಡುತ್ತ ಅಂದ: "ಚೌಕದ್ದು ತೆಗಿ."

"ಬಾಯಿ ತಪ್ಪಿ ಬಂತೇನ್ರೀ?" ನಕ್ಕಳು. ಅವನು ನಗಲಿಲ್ಲ.

"ಬೇರೆ ಕಡೆ ತೆಗೆಸಿ ಕಳಿಸಿದ್ದೆ. ಕಿವಿ ಹಿಂದೆ ನೆರಳು ಬಿದ್ದಿದೆ ಅಂತ ವಾಪಸ್ ಬಂತು. ನೀನು ತೆಗೆದದ್ದು ಒಂದೂ ವಾಪಸ್ ಬರಲ್ವಲ್ಲ, ಅದಕ್ಕೇ..."

ಹೊಗಳಿಕೆ ಚಪ್ಪಡಿಯ ಹಾಗೆ ಎದೆಯ ಮೇಲೆ ಕೂತಿತು.

"ಅಂದ್ರೆ ಆಗಲೇ ಕಳಿಸಿಯಾಗಿತ್ತು."

"ಹೇಳೋಣ ಅಂತಲೇ ಇದ್ದೆ. ಅಲ್ಲೊಂದು ಕೆಲಸ ಸಿಕ್ಕಿದೆ. ಮೊದಲು ನಾನು ಹೋಗಿ, ಒಂದು ನೆಲೆ ಆದಮೇಲೆ ನಿನ್ನನ್ನ..."

"ನನ್ನನ್ನ ಜೇಬಲ್ಲಿಟ್ಟುಕೊಂಡು ಹೋಗ್ತೀರೇನು? ಬಾಗಿಲು ಹಾಕಿದ ಮನೆಗೆ ನೆಂಟಸ್ತಿಕೆ!"

ಅವನು ಸ್ಟೂಲಿನ ಮೇಲೆ ನೆಟ್ಟಗೆ ಕೂತ.

ಅವಳು ಕ್ಯಾಮೆರಾದ ಹಿಂದೆ ಹೋದಳು. ಬಲಗಿವಿಯ ಹಿಂದೆ ತೆಳ್ಳಗೆ ನೆರಳಿತ್ತು. ಹಾಗೇ ಬಿಟ್ಟರೆ ಇದೂ ವಾಪಸ್ ಬರುತ್ತದೆ. ಇನ್ನೂ ಒಂದಷ್ಟು ದಿನ ಇವನು ಇಲ್ಲಿರುತ್ತಾನೆ. ಬೆರಳು ಗುಂಡಿಯ ಮೇಲೆ ನಿಂತಿತು.

ಫೋಟೋ ಕೆಟ್ಟಿತೆಂದು ಉಳಿಯುವ ಗಂಡ ಯಾವ ಬಾಳಿಗೆ?

ದೀಪವನ್ನು ಗೋಡೆಯ ಕಡೆ ತಿರುಗಿಸಿದಳು. ನೆರಳು ಕರಗಿತು.

"ಗಲ್ಲ ಸ್ವಲ್ಪ ಕೆಳಗೆ, ಸಾರ್," ಎಂದಳು, ಗಿರಾಕಿಗಳಿಗೆ ಹೇಳುವ ದನಿಯಲ್ಲಿ. "ಇಲ್ಲಿ ನೋಡಿ."

ಅವನು ನೋಡಿದ. ಅವಳು ಗುಂಡಿ ಒತ್ತಿದಳು.