ಲಾಂಡ್ರಿ ಅಜ್ಜನ ಕೆಮ್ಮು

ಮೆಟ್ಟಿಲಿನ ತಿರುವಿನಲ್ಲೇ ನಗು ಕೇಳಿಸಿತು. ಪಕ್ಕದ ಮನೆಯದಿರಬೇಕು ಎಂದುಕೊಂಡು ಪುಟ್ಟಿ ಹತ್ತುತ್ತಲೇ ಇದ್ದಳು. ಬಾಗಿಲ ಹತ್ತಿರ ಬಂದಾಗ ಗೊತ್ತಾಯಿತು, ಅಮ್ಮನದು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಕೇಳದೇ ಇದ್ದ ನಗು. ಉಸಿರು ಸಿಕ್ಕಿಕೊಂಡು, ನಡುನಡುವೆ "ಸಾಕು, ನಿಲ್ಸೇ" ಎಂದು ಬೇಡಿಕೊಳ್ಳುವಂಥ ನಗು.

ಒಳಗೆ ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಕಣ್ಣಿನ ಪೊರೆ ತೆಗೆಸಿ ವಾರವೂ ಕಳೆದಿರಲಿಲ್ಲ. ಕರಿ ಕನ್ನಡಕದ ಕೆಳಗೆ ಬೆರಳು ತೂರಿಸಿ ನೀರು ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅತ್ತಿಗೆ, ಆಸ್ಪತ್ರೆಯ ನರ್ಸ್ ಬಟ್ಟೆಯನ್ನೂ ಬದಲಿಸದೆ, ಒಂದು ಪುಸ್ತಕ ಹಿಡಿದು ಕೂತಿದ್ದಳು. ಅಮ್ಮನ ಇನ್ನೊಂದು ಕೈ ಅವಳ ಮೊಣಕಾಲಿನ ಮೇಲಿತ್ತು.

"ಕಣ್ಣು ಮುಟ್ಕೋಬೇಡ ಅಂತ ಡಾಕ್ಟರ್ ಹೇಳಿಲ್ವಾ?" ಎಂದಳು ಪುಟ್ಟಿ. ಅಮ್ಮ ನಕ್ಕಿದ್ದನ್ನು ಕಂಡು ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಅಮ್ಮ ತಕ್ಷಣ ಕೈ ತೆಗೆದಳು. ಅತ್ತಿಗೆ ಪುಸ್ತಕ ತೋರಿಸಿದಳು. "ಜಪಾನಿ ಕಾಮಿಕ್ಸ್ ಪುಟ್ಟಿ, ಮಾಂಗಾ ಅಂತಾರೆ. ಇದು ಇಂಗ್ಲಿಷಲ್ಲಿದೆ, ಅತ್ತೆಗೆ ಕನ್ನಡ ಮಾಡಿ ಓದ್ತಿದೀನಿ. ಡ್ಯೂಟಿ ಮುಗಿಸಿ ಬಂದಾಗ ತಲೆ ಹಗುರ ಆಗ್ಲಿ ಅಂತ ಓದ್ತೀನಿ. ಒಂದು ಲಾಂಡ್ರಿ ಅಂಗಡಿ, ಒಬ್ಬ ಅಜ್ಜ, ಒಬ್ಬಳು ಮೊಮ್ಮಗಳು. ಇದ್ರಲ್ಲಿ ಏನೂ ಆಗಲ್ಲ, ಅದೇ ಚೆಂದ."

"ಏನೂ ಆಗಲ್ಲ ಅಂದ್ರೆ? ಕಾಲುಚೀಲ ಕಳ್ದೋಯ್ತಲ್ಲ," ಎಂದಳು ಅಮ್ಮ, ಬೀದಿಯ ಸುದ್ದಿ ಹೇಳುವವಳ ಹಾಗೆ. "ಅಂಗಡಿ ಎಲ್ಲಾ ಹುಡುಕಿದ್ರು. ಕೊನೇಗೆ ನೋಡಿದ್ರೆ ಅಜ್ಜನ ಕಾಲಲ್ಲೇ ಇತ್ತು."

ಇಬ್ಬರೂ ಮತ್ತೆ ನಗಲು ಶುರುಮಾಡಿದರು. ಪುಟ್ಟಿ ತಂದಿದ್ದ ಹಣ್ಣನ್ನು ತಟ್ಟೆಗೆ ಹಾಕುವ ನೆವದಲ್ಲಿ ಅಡುಗೆಮನೆಗೆ ಹೋದಳು.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಕಣ್ಣಿನ ಆಸ್ಪತ್ರೆ ಹುಡುಕಿದ್ದು ಅವಳು, ಅಮ್ಮನ ಜೊತೆ ಓಡಾಡಿದ್ದು ಅವಳು. ರಜೆ ಸಿಕ್ಕಾಗಲೆಲ್ಲ ಗಂಡನನ್ನೂ ಮಗಳನ್ನೂ ಬಿಟ್ಟು ಬಂದು ಅಮ್ಮನನ್ನು ಪಾರ್ಕಿಗೆ ಕರೆದೊಯ್ಯುತ್ತಿದ್ದಳು. ಅಪ್ಪನ ಕೋಟು, ಶೇವಿಂಗ್ ಬ್ರಷ್ಷು ಎಲ್ಲವನ್ನೂ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟಿದ್ದಳು. ಅಮ್ಮನ ಎದುರು ತಪ್ಪಿಯೂ ಅವರ ಹೆಸರೆತ್ತಿರಲಿಲ್ಲ. ಇಷ್ಟೆಲ್ಲ ಮಾಡಿದವಳಿಗೆ ಒಂದು ನಗು ಸಿಕ್ಕಿರಲಿಲ್ಲ. ಚಿತ್ರದ ಪುಸ್ತಕ ಹಿಡಿದು ಕೂತವಳಿಗೆ ಹೊಟ್ಟೆ ತುಂಬ ಸಿಕ್ಕಿತ್ತು. ಹಣ್ಣು ಹೆಚ್ಚುತ್ತಾ ಅವಳು ಹೋಳುಗಳನ್ನು ಚೂರುಚೂರು ಮಾಡಿಬಿಟ್ಟಳು.

ಆಮೇಲೆ ಅವಳು ಮಾಡಿದ್ದನ್ನು ಗಂಡನಿಗೂ ಹೇಳಲಿಲ್ಲ. ಪುಸ್ತಕದಂಗಡಿಯಲ್ಲಿ ಆ ಲಾಂಡ್ರಿ ಕಥೆಯ ಹೊಸ ಭಾಗ ಬಂದಿತ್ತು. ಅತ್ತಿಗೆಗಿಂತ ಮುಂಚೆ ಕೊಂಡಳು. ಅತ್ತಿಗೆಗೆ ಹಗಲು ಡ್ಯೂಟಿ ಇದ್ದ ದಿನ ನೋಡಿ ಅರ್ಧ ದಿನ ರಜೆ ಹಾಕಿ ಅಮ್ಮನ ಮುಂದೆ ಹೋಗಿ ಕೂತಳು.

"ಅವಳೂ ಬರ್ಲಿ ಕಣೆ. ಅವಳಿಗೂ ಆಸೆ ಇರುತ್ತೆ," ಎಂದಳು ಅಮ್ಮ.

"ಅವ್ರು ಆಮೇಲೆ ಓದ್ಕೋತಾರೆ ಬಿಡು. ನಾನು ರಜೆ ಹಾಕಿ ಬಂದಿದೀನಿ."

ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು. ಕಥೆಯಲ್ಲಿ ಕಳೆದುಹೋಗುವ ಮೊದಲೇ ಕೊಡೆ ಸಿಕ್ಕಿತ್ತು.

"ಅದನ್ನ ಆ ಕಡೆಯಿಂದ ಓದ್ಬೇಕು," ಎಂದಳು ಅಮ್ಮ ಮೆಲ್ಲಗೆ. "ಬಲಗಡೆಯಿಂದ. ಅವಳು ಹೇಳಿದ್ಲು."

ಪುಟ್ಟಿ ಪುಸ್ತಕ ತಿರುಗಿಸಿದಳು. ಗಿರಾಕಿಗೆ ಕನ್ನಡಕದ ನಂಬರ್ ಓದಿ ಹೇಳುವಾಗಿನ ಸ್ಪಷ್ಟತೆಯಲ್ಲಿ, ಒಂದಕ್ಷರ ಬಿಡದೆ ಕನ್ನಡ ಮಾಡಿ ಓದಿದಳು. ತಲೆಯೆತ್ತಿದಾಗ ಅಮ್ಮನ ತುಟಿಯ ಮೇಲೆ ನಗು ಇತ್ತು. ಅಪ್ಪ ಹೋದಾಗ ಸಮಾಧಾನ ಹೇಳಲು ಬಂದವರಿಗೆಲ್ಲ ಅಮ್ಮ ಕೊಟ್ಟು ಕಳಿಸುತ್ತಿದ್ದ ನಗು.

"ಚೆನ್ನಾಗಿದೆ," ಎಂದಳು ಅಮ್ಮ.

"ಸುಳ್ಳು ಹೇಳ್ಬೇಡ. ಅತ್ತಿಗೆ ಓದಿದ್ರೆ ಬಿದ್ದು ಬಿದ್ದು ನಗ್ತೀಯ. ನಾನು ಓದಿದ್ರೆ ಏನಾಗುತ್ತೆ?"

ಅಮ್ಮ ಹೊದಿಕೆಯ ಅಂಚನ್ನು ಮಡಿಸಿದಳು, ಬಿಡಿಸಿದಳು.

"ಅವಳು ಆ ಅಜ್ಜನ ಮಾತನ್ನ ನಿಮ್ಮಪ್ಪನ ಥರ ಓದ್ತಾಳೆ. ಒಂದ್ಸಲ ಕೆಮ್ಮಿ, 'ಹಾಗಲ್ಲ, ವಿಷಯ ಏನಪ್ಪಾ ಅಂದ್ರೆ' ಅಂತ ಶುರುಮಾಡ್ತಾಳೆ. ಥೇಟ್ ಅವರೇ." ಹೊದಿಕೆಯ ಅಂಚನ್ನು ಕೈಬಿಟ್ಟು ಹೇಳಿದಳು, "ನೀವ್ಯಾರೂ ಅವರ ಸುದ್ದೀನೇ ಎತ್ತಲ್ಲ. ನಿಮಗೆ ಬೇಜಾರಾಗುತ್ತೇನೋ ಅಂತ ನಾನೂ ಸುಮ್ನಿದ್ದೆ."

ಪುಟ್ಟಿ ಪುಸ್ತಕ ಮುಚ್ಚಿ ಮಂಚದ ಮೇಲಿಟ್ಟಳು. ಎದೆಯ ಉರಿ ಆರಲಿಲ್ಲ, ಜಾಗ ಬದಲಿಸಿತು ಅಷ್ಟೆ. ಅಮ್ಮನನ್ನಂತೂ ಸರಿ, ಅಪ್ಪನನ್ನೂ ಇವಳೇ ಕಿತ್ತುಕೊಂಡಳೇ? ಹೊರಗಿನಿಂದ ಬಂದವಳು, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಬಾರದ್ದನ್ನು ಯಾವಾಗ ಕಲಿತಳು?

ಸಂಜೆ ಅತ್ತಿಗೆ ಬಂದಳು. ಮಂಚದ ಮೇಲಿನ ಪುಸ್ತಕ ಕಂಡು ಅವಳ ಸುಸ್ತೆಲ್ಲ ಇಳಿದುಹೋಯಿತು. "ಹೊಸ ಭಾಗ, ಎಲ್ಲಿ ಸಿಕ್ತು ಪುಟ್ಟಿ? ನಾನು ಎಲ್ಲಾ ಕಡೆ ಕೇಳಿದ್ದೆ ಕಣೆ," ಎಂದು ಅವಳ ತೋಳು ಹಿಡಿದುಕೊಂಡಳು. ಆ ಮುಖದಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಇದ್ದಿದ್ದರೆ ಪುಟ್ಟಿಗೆ ಎಷ್ಟೋ ಸಲೀಸಾಗುತ್ತಿತ್ತು. ಚಹಾ ಮಾಡುತ್ತೇನೆಂದು ಒಳಗೆ ಹೋದಳು.

ಒಲೆ ಹಚ್ಚಿ ನಿಂತಿದ್ದಾಗ ಹೊರಗೆ ಅಪ್ಪ ಕೆಮ್ಮಿದರು.

"ಹಾಗಲ್ಲ, ವಿಷಯ ಏನಪ್ಪಾ ಅಂದ್ರೆ, ಕೊಡೆ ತಾನಾಗೇ ನಡ್ಕೊಂಡು ಹೋಗಲ್ಲ."

ಪುಟ್ಟಿಯ ಕೈಯಲ್ಲಿದ್ದ ಚಮಚ ಸಕ್ಕರೆ ಡಬ್ಬಿಯಲ್ಲೇ ನಿಂತಿತು. ಅಮ್ಮ ನಗುವುದು ಕೇಳಿಸಿತು. ಇನ್ನೊಮ್ಮೆ ಕೆಮ್ಮು, ಇನ್ನೊಮ್ಮೆ ನಗು. ಅವಳು ಒಲೆ ಆರಿಸಿ ಬಾಗಿಲಿಗೆ ಬಂದು ನಿಂತಳು.

"ಅಪ್ಪ ಒಂದೇ ಸಲ ಕೆಮ್ತಿರ್ಲಿಲ್ಲ," ಎಂದಳು. ಧ್ವನಿ ಜಗಳಕ್ಕೆ ನಿಂತವಳ ಹಾಗಿತ್ತು. "ಎರಡು ಸಲ. ಮೊದಲ್ನೇದು ಚಿಕ್ಕದು."

ಅತ್ತಿಗೆ ಪುಸ್ತಕ ಇಳಿಸಿದಳು. ಅಮ್ಮ ಕರಿ ಕನ್ನಡಕದ ಮುಖವನ್ನು ಬಾಗಿಲ ಕಡೆ ತಿರುಗಿಸಿದಳು.

"ಹೌದು ಕಣೇ. ಎರಡು," ಎಂದಳು. "ನಾನೇ ಮರ್ತಿದ್ದೆ."

ಅತ್ತಿಗೆ ಚಿಕ್ಕದಾಗಿ ಒಮ್ಮೆ, ದೊಡ್ಡದಾಗಿ ಒಮ್ಮೆ ಕೆಮ್ಮಿ ನೋಡಿದಳು. ಸರಿಹೋಯಿತೇ ಎಂಬಂತೆ ಪುಟ್ಟಿಯ ಮುಖ ನೋಡಿದಳು. ಆಮೇಲೆ ಒಂದಿಷ್ಟು ಸರಿದು ಮಂಚದ ಅಂಚಿನಲ್ಲಿ ಜಾಗ ಮಾಡಿದಳು. "ಬಾ. ಮೊಮ್ಮಗಳ ಮಾತು ನೀನು ಓದು."

ಪುಟ್ಟಿ ಕೂತಳು. ಅಮ್ಮನ ಕೈ ಇನ್ನೂ ಅತ್ತಿಗೆಯ ಮೊಣಕಾಲಿನ ಮೇಲೆಯೇ ಇತ್ತು. ಪುಟದ ತುಂಬ ಅಜ್ಜನದೇ ಮಾತು. ಮೊಮ್ಮಗಳ ಪಾಲಿಗೆ ಎಡಗಡೆಯ ಕೆಳಮೂಲೆಯಲ್ಲಿ ಇದ್ದದ್ದು ಒಂದೇ ಒಂದು, 'ಹೂಂ.' ಪುಟ್ಟಿ ಅದರ ಕೆಳಗೆ ಬೆರಳಿಟ್ಟುಕೊಂಡು ತನ್ನ ಸರದಿಗಾಗಿ ಕಾದಳು.