ಹಳೆಯ ಕುತ್ತಿ

ಮೂರನೆಯ ಸಲ ಕೆಸರು ಬಳಿದರೂ ಕೆಂಪು ನಿಲ್ಲಲಿಲ್ಲ. ಮೊನ್ನೆ ಕಡಿದ ರಾಮಪತ್ರೆ ಮರದ ಕುತ್ತಿಯನ್ನು, ನೆಲದಲ್ಲುಳಿದ ಬುಡದ ತುಂಡನ್ನು, ಅಂಗೈಯಿಂದ ಉಜ್ಜುತ್ತ ಕುಳಿತಿದ್ದ ಗೌರೀಶಂಕರ ತನ್ನ ಉಗುರುಗಳ ಸಂದಿಯನ್ನು ಮೂಸಿ ಕೈ ದೂರ ಹಿಡಿದ. ಈ ಮರದ ರಸ ರಕ್ತದ ಬಣ್ಣದ್ದು ಎಂದು ಅವನಿಗೆ ಗೊತ್ತಿತ್ತು. ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನಿಗೆ ಗೊತ್ತಿರಲೇಬೇಕು. ಎರಡು ದಿನವಾದರೂ ಒಸರುತ್ತದೆ ಎಂದು ಅವನು ಎಲ್ಲೂ ಓದಿರಲಿಲ್ಲ.

“ಹಳೇದರ ಹಾಗೆ ಕಾಣ್ತದಾ?”

“ಹತ್ತಿರ ಬರದಿದ್ರೆ ಕಾಣ್ತದೆ ಸರ್,” ಎಂದಳು ಹರಿಣಾಕ್ಷಿ. ಇಚಿಲಂಪಾಡಿಯಿಂದ ಆಚೆಗಿನ ಈ ಊರಿನ ಕಾಡು ಸಮಿತಿಗೆ ಅವಳೇ ಅಧ್ಯಕ್ಷೆ. ಮರ ಕಡಿದದ್ದು ಅವಳ ಗಂಡ. ಕಡಿಯಲು ಹೇಳಿದ್ದು ಇವನು. ಇವನಿಗೆ ಹೇಳಿದ್ದು ಪುತ್ತೂರಿನ ಆಫೀಸಿನ ಉಲ್ಲಾಸ್.

ಇವರಿಬ್ಬರೂ ಕೆಲಸಕ್ಕಿದ್ದ ಕಂಪನಿ ಮೊದಲು ಅಳಿವೆಗಳಲ್ಲಿ ಉಪ್ಪುನೀರಿನ ಕಾಂಡ್ಲಾ ಕಾಡನ್ನು ಊರವರಿಂದ ಕಾವಲು ಮಾಡಿಸುತ್ತಿತ್ತು; ಈಗ ಒಳನಾಡಿನ ಈ ಜೌಗು ಕಾಡಿಗೂ ಬಂದಿತ್ತು. ನಿಯಮ ಸರಳ. ಕಡಿಯುತ್ತಿದ್ದ ಊರವರೇ ಕಾಡನ್ನು ಉಳಿಸಿದರೆ ಕಾರ್ಬನ್ ಕ್ರೆಡಿಟ್ ಸಿಗುತ್ತದೆ; ಅದನ್ನು ಮಾರಿದ ದುಡ್ಡಿನಲ್ಲಿ ಊರಿಗೂ ಪಾಲು. ಯಾರೂ ಕತ್ತಿ ತಾಗಿಸದ ಕಾಡಿಗೆ ಏನೂ ಸಿಗುವುದಿಲ್ಲ. ಈ ಊರಿನವರು ದೇವರ ಕಾಡೆಂದು ಇಲ್ಲಿಗೆ ಚಪ್ಪಲಿ ಹಾಕಿಕೊಂಡು ಕೂಡ ಬರುತ್ತಿರಲಿಲ್ಲ. ತೊಂದರೆಯಾದದ್ದೇ ಅದರಿಂದ.

“ಒಂದು ಹಳೇ ಕುತ್ತಿಯಾದ್ರೂ ತೋರಿಸಿ ಮಾರಾಯ್ರೆ,” ಎಂದಿದ್ದ ಉಲ್ಲಾಸ್.

ಹನ್ನೊಂದಕ್ಕೆ ಕ್ರೆಡಿಟ್ ಕೊಡುವವರ ಕಡೆಯಿಂದ ತಪಾಸಣೆಗೆ ಶಹನಾ ಬಂದಳು. ಕಬಕದವಳು. ಗಂಬೂಟು ಹಾಕಿದ್ದಳು, ನಗುತ್ತಿರಲಿಲ್ಲ. ಇವಳು ಕಂಡುಹಿಡಿಯಲಿ ಎಂದು ಗೌರೀಶಂಕರನಿಗೆ ಒಮ್ಮೆಲೇ ಆಸೆಯಾಯಿತು. ಕಂಡುಹಿಡಿದರೆ ಕೆಲಸ ಹೋಗುತ್ತದೆ ಎಂಬುದು ಅದರ ಬೆನ್ನಿಗೇ ನೆನಪಾಯಿತು. ಕೈಗಳನ್ನು ಜೇಬಿಗಿಳಿಸಿದ.

“ಮೊದಲೆಲ್ಲ ನೀವು ಕಡೀತಿದ್ರಾ?” ಶಹನಾ ಹರಿಣಾಕ್ಷಿಯನ್ನು ಕೇಳಿದಳು.

ಅವನು ಕಲಿಸಿಕೊಟ್ಟದ್ದು ಒಂದೇ ಒಂದು ವಾಕ್ಯ. ಹರಿಣಾಕ್ಷಿ ಅಲ್ಲಿಗೆ ನಿಲ್ಲಲಿಲ್ಲ. “ಕಡೀತಿದ್ದೆವು ಮೇಡಂ. ನನ್ನ ಅಮ್ಮನೇ ಕಡಿದು ಸೌದೆ ಹೊತ್ಕೊಂಡು ಬರುದು. ನಮಗೆ ಎಂತ ಗೊತ್ತುಂಟು? ಈ ಸರ್ ಬಂದು ಹೇಳಿದ ಮೇಲೆ ಬಿಟ್ಟದ್ದು.”

ಅಮ್ಮ ಎಂದರೆ ಪೂವಮ್ಮ. ಎರಡು ವರ್ಷದ ಹಿಂದೆ ಇವನನ್ನು ಕಾಡಿನ ಅಂಚಿನಲ್ಲಿ ತಡೆದು ಬೂಟು ಬಿಚ್ಚಿಸಿದವಳು. ಈಗಿಲ್ಲ.

ಶಹನಾ ಬಾಗಿ ಕುತ್ತಿಯ ಮೇಲೆ ಬೆರಳಿಟ್ಟಳು. ಬೆರಳನ್ನು ನೋಡಿದಳು.

“ಎಷ್ಟು ಹಳೇದು ಇದು?”

“ತುಂಬ,” ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಅವನು ಅವಳ ಗಂಬೂಟನ್ನು ನೋಡಿದ. ಆಮೇಲೆ ಅವಳು ಎಲೆಯೊಂದಕ್ಕೆ ಬೆರಳು ಒರೆಸಿ, ಐದಾರು ಹೆಜ್ಜೆ ಹಿಂದೆ ಸರಿದು, ದೂರದಿಂದ ಫೋಟೊ ತೆಗೆದಳು. “ಸಾಕು,” ಎಂದಳು.

ಅವಳ ಜೀಪಿನ ಸದ್ದು ಅಡಗಿತು.

“ಈ ದುಡ್ಡಿನಲ್ಲಿ ಹಳ್ಳಕ್ಕೆ ಕಾಲುಸಂಕ ಆಗ್ತದಲ್ಲ ಸರ್?”

“ಆಗ್ತದೆ.” ತಡೆದು, “ಅಮ್ಮನ ಹೆಸರು ಹೇಳ್ಬೇಕಿತ್ತಾ?” ಎಂದ.

“ಮತ್ತೆ ಯಾರದ್ದು ಹೇಳುದು? ಬದುಕಿದ್ದವರದ್ದು ಹೇಳ್ಲಿಕ್ಕೆ ಆಗ್ತದಾ?” ಹರಿಣಾಕ್ಷಿ ಸೆರಗಿನಿಂದ ಕತ್ತು ಒರೆಸಿಕೊಂಡಳು. “ಹೋದ ಮಳೆಗಾಲ ಹಳ್ಳ ತುಂಬಿತ್ತು. ಸಂಕ ಇರಲಿಲ್ಲ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಈಚೆ ದಡದಲ್ಲೇ ಇಡೀ ದಿನ ಕಾದೆವು. ಆಸ್ಪತ್ರೆಗೆ ದಾಟಿಸ್ಲಿಕ್ಕೆ ಆಗ್ಲಿಲ್ಲ.”

ಅವನು ಇದನ್ನು ಯಾವತ್ತೂ ಕೇಳಿರಲಿಲ್ಲ. ಅವನ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಅವಳ ಏರಿಳಿತವಿಲ್ಲದ ದನಿ ಅವನಿಗೆ ಅಸಹ್ಯವೆನಿಸಿತು. ಅಸಹ್ಯ ತನ್ನದಲ್ಲ, ಅವಳದ್ದೇ ಎಂದುಕೊಳ್ಳುವುದರಲ್ಲಿ ಸ್ವಲ್ಪ ಸುಖವಿತ್ತು.

“ಬರುವ ವರ್ಷವೂ ಒಂದು ಕುತ್ತಿ ಬೇಕಾಗ್ತದಾ ಸರ್?” ಅವಳು ಪಕ್ಕದ ಮರದ ಮೇಲೆ ಕೈಯಿಟ್ಟು, ಹಸುವಿಗೆ ತಟ್ಟುವ ಹಾಗೆ ತಟ್ಟಿದಳು. “ಬೇಕಾದ್ರೆ ಈಗಲೇ ಹೇಳಿ. ಬೇಗ ಕಡಿದಿಟ್ರೆ ಚೆಂದ ಒಣಗ್ತದೆ.”

ಜೇಬಿನಲ್ಲಿ ಫೋನು ನಡುಗಿತು. ಉಲ್ಲಾಸ್ ಇರಬೇಕು. ತೆಗೆಯಲು ಹೋದರೆ ಕೈ ಬಟ್ಟೆಗೆ ಅಂಟಿಕೊಂಡಿತ್ತು.

ಹರಿಣಾಕ್ಷಿ ಉತ್ತರಕ್ಕೆ ಕಾಯುತ್ತ ನಿಂತಳು. ಅವಳ ಹಿಂದೆ, ಕೆಸರಿನಿಂದೆದ್ದು ಬಾಗಿ ಮತ್ತೆ ಕೆಸರಿಗೇ ಇಳಿದ ಬೇರುಗಳ ಮೇಲೆ, ಕಣ್ಣು ಹೋದಷ್ಟು ದೂರಕ್ಕೂ ಮರಗಳು ಮಂಡಿಯೂರಿ ಸರದಿಯಲ್ಲಿದ್ದವು.